ಲೇಬಲ್ ಕೀಳುವ ಪಾಳಿ

ವಸಂತನರಸಾಪುರದ ಮಿಡಿಸೌತೆ ಕಾರ್ಖಾನೆಯಲ್ಲಿ
ನನ್ನ ಕೆಲಸ ಅಂಟಿಸುವುದು.
ಹನ್ನೊಂದು ವರ್ಷದಿಂದ ಅದೇ.
ಸಬ್ಬಸಿಗೆ, ಸಾಸಿವೆ, ವಿನೆಗರ್ ಕುಡಿದು
ಬಾಟಲಿಯೊಳಗೆ ಒತ್ತೊತ್ತಾಗಿ ನಿಂತ
ಕಿರುಬೆರಳು ಗಾತ್ರದ ಕಾಯಿಗಳಿಗೆ
ಒಂದು ಚೀಟಿ, ಚೀಟಿಯಲ್ಲೊಂದು ವಿಳಾಸ,
ರಾಟರ್‌ಡ್ಯಾಮ್ ಅಂತ.
ಅದೊಂದಿದ್ದರೆ ಸಾಕಿತ್ತು.
ಆ ಸೀಮೆಯಲ್ಲಿ ಯಾರ ತಟ್ಟೆಯ ಅಂಚಿಗಾದರೂ
ಹೋಗಿ ಕೂರುತ್ತಿದ್ದವು.

ಆ ಮಾರ್ಗಶಿರದಲ್ಲಿ ಶಿಪ್ಪಿಂಗ್ ಗುಮಾಸ್ತ ಸನಾವುಲ್ಲಾ
ಫೋನು ಕಿವಿಯಲ್ಲಿಟ್ಟುಕೊಂಡೇ ಓಡಿ ಬಂದ:
"ಬೆಲ್ಟು ನಿಲ್ಲಿಸಿ, ನಿಲ್ಲಿಸಿ.
ಜನವರಿಯಿಂದ ಬ್ರಿಟನ್ನಿಗೆ
ಬ್ರಿಟನ್ನಿನದೇ ವಿಳಾಸ ಬೇಕಂತೆ."
ಅಂಟಿಸಿ ಮುಗಿದಿತ್ತು, ಮೂವತ್ತೆಂಟು ಸಾವಿರ.

ಹಾಗೆ ಶುರುವಾಯಿತು ಕೀಳುವ ಪಾಳಿ.
ತೊಟ್ಟಿಯ ತುಂಬ ಬಿಸಿನೀರು,
ಎಂಟು ಜನ ಹೆಂಗಸರು, ಹೆಬ್ಬೆರಳ ಉಗುರು.
ಮೂಡ್ಲಗಿರಿಯಮ್ಮ ಕೇಳಿದಳು:
"ಅವ್ರು ಬ್ಯಾರೆ ಆಗಿ ಏಳೆಂಟು ವರ್ಸ ಆಯ್ತಲ್ಲಪ್ಪ,
ಇನ್ನೂ ಮುಗೀಲಿಲ್ವಾ ಪಾಲು?"
ಸನಾವುಲ್ಲಾ ಶುರುಮಾಡಿದ, ಓಟು, ಕರಾರು, ಸುಂಕ...
ಅವಳಿಗೆ ಅದೆಲ್ಲ ಬೇಕಿರಲಿಲ್ಲ.
ಪಾಲು ಕಂಡವಳು.
ಹೆಬ್ಬೂರಿನಾಚೆ ಅವಳ ಗಂಡ, ಮೈದುನ
ಒಲೆ ಎರಡು ಮಾಡಿದ್ದು ಒಂದೇ ರಾತ್ರಿ;
ಕೊಟ್ಟಿಗೆಯ ಬಾಗಿಲು ಯಾರದೆಂದು ಇತ್ಯರ್ಥವಾದದ್ದು
ಮೊಮ್ಮಗಳ ನಾಮಕರಣದ ದಿನ.
"ಅವ್ರಿಗೂ ನಡುವೆ ಬಾವಿ ಐತೇನೋ," ಅಂದಳು.
ಸನಾವುಲ್ಲಾ ತಲೆ ಕೆರೆದುಕೊಂಡ.
"ಐರ್ಲೆಂಡ್ ಅಂತ ಇದೆಯಮ್ಮ.
ಅದರ ಮೇಲಿನ ತುಂಡಿಗೆ ಹೋಗೋ ಬಾಟಲಿಗೆ
ಹಳೇ ಚೀಟಿನೇ ಇರಲಿ, ಕೀಳಬೇಡಿ."
ಆ ಪೆಟ್ಟಿಗೆಗಳನ್ನು ಬೇರೆ ಗೋಡೆಗೆ ಒತ್ತಿ ಇಟ್ಟೆವು.

ನಕ್ಕೆವು. ನಗುವುದಕ್ಕೇನು, ಓವರ್‌ಟೈಮ್ ಇತ್ತು.
ಯಾರದೋ ಮನೆ ಒಡೆದ ದುಡ್ಡಿನಲ್ಲಿ
ಮಗಳಿಗೆ ಸೈಕಲ್ ಕೊಂಡೆ. ಹಳೆಯದೇ,
ಬೆಲ್ಲು ಮಾತ್ರ ಹೊಸದು.
ಇದನ್ನು ಮುಚ್ಚಿಡುವುದಿಲ್ಲ.

ಹೊಸ ಚೀಟಿಗೆ ಎರಡು ವಿಳಾಸ.
ಕೆಳಗಿನದು ಹಲ್ ಎಂಬ ಊರು.
(ಊರಿಗೆ ಯಾರಾದರೂ ಹಲ್ಲು ಅಂತ ಹೆಸರಿಡುತ್ತಾರಾ,
ಫೈರೋಜಾ ದಿನವಿಡೀ ನಕ್ಕಳು.)
ಯೂನಿಟ್ ನಾಲ್ಕು, ಕೂಪರ್ ಓಣಿ,
ಅಂಕೆಯೂ ಅಕ್ಷರವೂ ಕಲಸಿಹೋದ ಪಿನ್‌ಕೋಡು,
ಎಲ್ಲ ಬಾಯಿಪಾಠ.
ಲಗ್ನಪತ್ರಿಕೆ ಕೊಡಲು ಹೋದರೆ
ಕತ್ತಲಲ್ಲೂ ಬಾಗಿಲು ತಪ್ಪಲಾರೆ.

ಕ್ಯಾಂಟೀನಿನ ಟೀವಿಯಲ್ಲಿ ಆ ದೇಶದ ಕಪ್ಪು ಬಾಗಿಲು,
ಅದರ ಮುಂದೊಂದು ಮೇಜು,
ಒಬ್ಬರಾದ ಮೇಲೊಬ್ಬರು ಬಂದು ಹೊರಟೆ ಅನ್ನುತ್ತಿದ್ದರು.
ಗೇಟಿನ ಗಂಗಹನುಮಯ್ಯ ಮುದ್ದೆ ಮುರಿಯುತ್ತ,
"ನಮ್ಮ ಪಂಚಾಯ್ತೀನೇ ವಾಸಿ ಕಣಮ್ಮ,
ಅವಿಶ್ವಾಸಕ್ಕೂ ಒಂದು ನೋಟೀಸು ಕೊಡ್ತೀವಿ."

ಯುಗಾದಿ ಕಳೆದ ಮೇಲೆ ಹಲ್‌ನಿಂದ ಆರ್ಡರು ಬರಲಿಲ್ಲ.
ಬಂದದ್ದು ನಾಲ್ಕು ಸಾಲು.
ಪೆಟ್ಟಿಗೆ ಪೆಟ್ಟಿಗೆಗೂ ಕಾಗದ,
ಕಾಗದ ಕಾಗದಕ್ಕೂ ಶುಲ್ಕ,
ಹಡಗು ದಾಟಿ ಡಚ್ಚರ ಅಂಗಡಿಗೆ ಕೊಡುತ್ತಿದ್ದದ್ದು ನಿಂತಿತು.
ಆರೇ ಜನರ ವ್ಯಾಪಾರ, ತಡೆಯಲಿಲ್ಲವಂತೆ.
ಕೊನೆಯಲ್ಲಿ, ಕ್ಷಮಿಸಿ.
ಆ ದೇಶದಿಂದ ತುಮಕೂರಿಗೆ ಬಂದ
ಮೊದಲ ಕ್ಷಮೆ ಇದೇ ಇರಬೇಕು, ಎಂದ ಸನಾವುಲ್ಲಾ.
ಈ ಸಲ ಯಾರೂ ನಗಲಿಲ್ಲ.
ಕೀಳುವುದಕ್ಕೂ ಇಲ್ಲ, ಅಂಟಿಸುವುದಕ್ಕೂ ಇಲ್ಲ;
ಎರಡನೇ ಬೆಲ್ಟಿನ ನಾಲ್ವರಿಗೆ
ಸೋಮವಾರದಿಂದ ಬರಬೇಡಿ ಅಂದರು.
ಅವರಲ್ಲಿ ಮೂಡ್ಲಗಿರಿಯಮ್ಮ.

ಉಳಿದ ಸುರುಳಿ ಕಸಕ್ಕೆ ಹಾಕಿ ಎಂದಾಗ
ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ.
ಈಗ ನಮ್ಮ ಹುಣಸೆಹಣ್ಣಿನ ಡಬ್ಬಿಗೆ,
ಹುರಿಟ್ಟಿನ ಡಬ್ಬಿಗೆ, ನಿಂಬೆಕಾಯಿ ಜಾಡಿಗೆ
ಒಂದೇ ವಿಳಾಸ.
ಓದು ಬಾರದ ಅತ್ತೆ ಬೆರಳಾಡಿಸಿದರು:
"ಏನ್ ಬರ್ದೈತೆ ಇದ್ರ ಮ್ಯಾಲೆ?"
"ಒಂದು ಅಂಗಡಿ ವಿಳಾಸ. ಈಗಲ್ಲಿ ಯಾರೂ ಇಲ್ಲ."
ಅವರು ಜಾಡಿಯ ಬಾಯಿಗೆ ಬಟ್ಟೆ ಬಿಗಿಯುತ್ತ
ಸ್ವಲ್ಪ ಹೊತ್ತು ಬಿಟ್ಟು ಅಂದರು:
"ಬಂದ್ರೂ ಬಂದಾರು.
ತಳದಾಗೆ ನಾಕು ಹೋಳು ಬಿಟ್ಟಿರು."